ಹೊರಸು ಹೆಣೆದವರು ಎಲ್ಲಿ ಕೂತರು?

ಪೀಠೋಪಕರಣ ಕಲೆಯ ಚರಿತ್ರೆಗಳು ಈಜಿಪ್ಟಿನ ದೊರೆ ಟುಟಾಂಖಾಮನ್‌ನ ಚಿನ್ನದ ಸಿಂಹಾಸನವನ್ನು ಕೊಂಡಾಡುತ್ತವೆ. 1859ರ ಥೋನೆಟ್‌ನ ಬಾಗಿಸಿದ ಮರದ ಕುರ್ಚಿ, 1925ರಲ್ಲಿ ಬೌಹೌಸ್‌ನ ಮಾರ್ಸೆಲ್ ಬ್ರೂಯರ್ ಉಕ್ಕಿನ ಕೊಳವೆಯಿಂದ ಮಾಡಿದ ಕುರ್ಚಿ, ಹೀಗೆ ಮುಂದುವರಿಯುತ್ತವೆ. ಕೂರಲು ಯಾರಿಗೆ ಅಪ್ಪಣೆಯಿತ್ತು ಎಂಬ ಪ್ರಶ್ನೆ ಮಾತ್ರ ಅಲ್ಲಿ ಏಳುವುದಿಲ್ಲ.

ಸಿಂಧನೂರು ಸೀಮೆಯ ಹೊಲಗೇರಿಯಲ್ಲಿ ಹುಟ್ಟಿದ ನನಗೆ ಅದೇ ಮೊದಲ ಪ್ರಶ್ನೆ. ನಮ್ಮಜ್ಜ ಪುಂಡಿ ನಾರಿನ ಹಗ್ಗ ಹೊಸೆದು ಗೌಡರ ಮನೆಯ ಹೊರಸು ಹೆಣೆಯುತ್ತಿದ್ದ. ಹೆಣೆದಾದ ಮ್ಯಾಲೆ ಅದರ ಮ್ಯಾಲೆ ಕುಂದ್ರುವಂತಿರಲಿಲ್ಲ. ಬಿಗಿ ಆಗೇತೋ ಇಲ್ಲೋ ಅಂತ ಅಂಗೈಯಿಂದ ಒತ್ತಿ ನೋಡಿ, ಅಂಗಳದಾಗ ನೆಲಕ್ಕೆ ಕುಂದ್ರುತ್ತಿದ್ದ.

ಕೊಪ್ಪಳದ ಹತ್ತಿರದ ಕಿನ್ನಾಳದ ಚಿತ್ರಗಾರರು ಹಗುರ ಮರ, ಹುಣಸೆ ಬೀಜದ ಅಂಟು, ಬಣ್ಣಗಳಿಂದ ಮಾಡುವ ಮೂರ್ತಿಗಳನ್ನು ಕಲೆ ಎಂದು ಒಪ್ಪಿದ್ದೇವೆ. ಸರಿಯೇ. ಆದರೆ ದೇಹದ ಭಾರ ಅರಿತು ಹಗ್ಗದ ಬಿಗಿ ಹಿಡಿದ ಅಜ್ಜನ ಕೆಲಸ ನಮಗೆ ಬರೀ ಬಿಟ್ಟಿ ಚಾಕರಿ! ವಿನ್ಯಾಸವೆಂದರೆ ಮತ್ತೇನು?

ಸಂವಿಧಾನದ 17ನೇ ವಿಧಿ 1950ರಲ್ಲೇ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 1955ರಲ್ಲಿ ಅದಕ್ಕೆ ಶಿಕ್ಷೆಯ ಕಾಯ್ದೆಯೂ ಬಂತು. 73ನೇ ತಿದ್ದುಪಡಿಯ ಮೀಸಲಾತಿಯಿಂದ 1993ರ ನಂತರ ಪಂಚಾಯ್ತಿಯ ಕುರ್ಚಿಯೂ ಸಿಕ್ಕಿತು. ಆದರೂ 2020ರಲ್ಲಿ ತಮಿಳುನಾಡಿನ ಕಡಲೂರು ಜಿಲ್ಲೆಯ ಒಂದು ಪಂಚಾಯ್ತಿಯ ಸಭೆಯಲ್ಲಿ, ಉಳಿದವರು ಕುರ್ಚಿಯಲ್ಲಿರುವಾಗ, ದಲಿತ ಅಧ್ಯಕ್ಷೆಯನ್ನು ನೆಲದ ಮೇಲೆ ಕೂರಿಸಲಾಗಿತ್ತು.

ಕುರ್ಚಿಯ ಚೆಲುವನ್ನು ದಲಿತ ವಿಮರ್ಶೆ ನಿರಾಕರಿಸಬೇಕಿಲ್ಲ. ಅದರ ಎದುರು ನೆಲದಲ್ಲಿ ಕೂತವರನ್ನೂ, ಅದನ್ನು ಮಾಡಿದ ಕೈಗಳನ್ನೂ ಚರಿತ್ರೆಯೊಳಗೆ ತರಬೇಕು. ಅಲ್ಲಿಯವರೆಗೆ ಅದು ಕೂತವರ ಚರಿತ್ರೆಯಷ್ಟೇ.