ಜೂಜಿನ ಪರಿಕರಗಳ ಒಡೆತನ ಮತ್ತು ಕಾನೂನು: ಶಿಕಾರಿಪುರ-ಸೊರಬ ಸೀಮೆಯ ಹಿನ್ನೆಲೆಯಲ್ಲಿ

ಅಳಗುಳಿಮಣೆ, ಪಗಡೆಹಾಸು, ಕವಡೆ, ದಾಳಗಳು ಶಿಕಾರಿಪುರ-ಸೊರಬ ಸೀಮೆಯ ಜನಪದರಿಗೆ ಪರಿಚಿತವಾದ ಆಟದ ಸಾಮಗ್ರಿಗಳು. ಪಣವೊಡ್ಡಿದಾಗ ಇವೇ ಜೂಜಿನ ಸಾಧನಗಳಾಗುತ್ತವೆ. ಇಂತಹ ಹಳೆಯ ವಸ್ತುಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧವೆ ಎಂಬ ಪ್ರಶ್ನೆಗೆ ದೀರ್ಘವಾದ ಚರಿತ್ರೆಯಿದೆ.

ಕೌಟಿಲ್ಯನ ‘ಅರ್ಥಶಾಸ್ತ್ರ’ವು ಜೂಜನ್ನು ನಿಷೇಧಿಸದೆ ದ್ಯೂತಾಧ್ಯಕ್ಷನ ಹತೋಟಿಗೆ ಒಳಪಡಿಸುತ್ತದೆ. ದಾಳ-ಕವಡೆಗಳನ್ನು ಆತನೇ ಬಾಡಿಗೆಗೆ ಒದಗಿಸಬೇಕು. ನಿಯತ ಸ್ಥಳ ಬಿಟ್ಟು ಆಡಿದವರಿಗೆ 12 ಪಣ ದಂಡ. ಬಳ್ಳಿಗಾವೆಯನ್ನು ಒಳಗೊಂಡ ಬನವಾಸಿ ನಾಡನ್ನು ಆಳಿದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ (ಕ್ರಿ.ಶ. 1126-1138) ‘ಮಾನಸೋಲ್ಲಾಸ’ವಾದರೋ ದಾಳ ಮತ್ತು ಕವಡೆಯಾಟಗಳನ್ನು ಅರಸನ ವಿನೋದಗಳಲ್ಲಿ ಎಣಿಸುತ್ತದೆ. ಧರ್ಮಶಾಸ್ತ್ರಗಳು ಬಲಿಪಾಡ್ಯಮಿಯನ್ನು ‘ದ್ಯೂತಪ್ರತಿಪದೆ’ ಎಂದೇ ಕರೆದಿವೆ.

ಆಧುನಿಕ ಕಾಲದಲ್ಲಿ ಈ ದೃಷ್ಟಿ ಬದಲಾಯಿತು. ಮೈಸೂರು ಸಂಸ್ಥಾನದಲ್ಲಿ 1908ರ ಪೊಲೀಸ್ ಕಾಯಿದೆ, ತರುವಾಯ 1963ರ ಕಾಯಿದೆ ಜಾರಿಗೆ ಬಂದವು. ಎರಡನೆಯದರ ವ್ಯಾಖ್ಯೆಯಂತೆ ಜೂಜಿಗೆ ಬಳಸಿದ ಅಥವಾ ಬಳಸಲು ಉದ್ದೇಶಿಸಿದ ಯಾವುದೇ ವಸ್ತುವೂ ‘ಜೂಜಿನ ಸಾಧನ’. ಆದರೆ 79ನೆಯ ಪ್ರಕರಣ ದಂಡಿಸುವುದು ಜೂಜುಕಟ್ಟೆ ನಡೆಸುವವರನ್ನು; ಸಾಧನಗಳನ್ನು ಲಾಭಕ್ಕಾಗಿ ಇಟ್ಟ ಅಥವಾ ಬಳಸಿದ ಸ್ಥಳವೇ ಜೂಜುಕಟ್ಟೆ. ಕೇವಲ ಕೌಶಲದ ಆಟಗಳಿಗೆ 176ನೆಯ ಪ್ರಕರಣ ವಿನಾಯಿತಿ ನೀಡುತ್ತದೆ. ಆದ್ದರಿಂದ ಅಜ್ಜಿಯ ಅಳಗುಳಿಮಣೆ ಅಟ್ಟದ ಮೇಲಿದ್ದ ಮಾತ್ರಕ್ಕೆ ಅಪರಾಧವಾಗದು. ವಸ್ತುವಿನ ರೂಪಕ್ಕಿಂತ ಅದರ ಬಳಕೆಯ ಉದ್ದೇಶವೇ ನಿರ್ಣಾಯಕ. 2021ರ ತಿದ್ದುಪಡಿಯು ಆನ್‌ಲೈನ್ ಆಟಗಳನ್ನೂ ಕಾಯಿದೆಯ ವ್ಯಾಪ್ತಿಗೆ ತಂದಿತ್ತು. ಅದರ ಮುಖ್ಯ ಉಪಬಂಧಗಳನ್ನು ಕರ್ನಾಟಕ ಉಚ್ಚ ನ್ಯಾಯಾಲಯ 2022ರ ಫೆಬ್ರವರಿ 14ರಂದು ರದ್ದುಪಡಿಸಿತು.

ಇದಕ್ಕೆ ಇನ್ನೊಂದು ಮುಖವೂ ಉಂಟು. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯಂತೆ ಕನಿಷ್ಠ 100 ವರ್ಷ ಹಳೆಯದಾದ ಕುಶಲಕೃತಿ ಪುರಾವಸ್ತು ಎನಿಸಬಲ್ಲದು. ಅದರ ಖಾಸಗಿ ಒಡೆತನಕ್ಕೆ ಅಡ್ಡಿಯಿಲ್ಲ; ಅಧಿಸೂಚಿತ ವರ್ಗಕ್ಕೆ ಸೇರಿದ್ದರೆ ಮಾತ್ರ ನೋಂದಣಿ ಕಡ್ಡಾಯ. ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ಹೀಗೆ ಒಂದೇ ಮಣೆ ಒಂದು ಕಾಯಿದೆಯಲ್ಲಿ ಶಂಕೆಯ ವಸ್ತು, ಮತ್ತೊಂದರಲ್ಲಿ ರಕ್ಷಣೆಗೆ ಅರ್ಹವಾದ ವಸ್ತು.

ಇವೆರಡರ ಭೇದವನ್ನು ಅರಿಯದಿದ್ದರೆ ಕಾನೂನಿನ ಭಯದಿಂದಲೋ ಅನಾದರದಿಂದಲೋ ಹಳೆಯ ಮಣೆಗಳು ಒಲೆ ಸೇರಬಹುದು, ಮಾರಾಟವಾಗಬಹುದು. ಮಣೆಯೊಡನೆ ಆಟದ ನಿಯಮ, ಎಣಿಕೆಯ ಕ್ರಮ ಮತ್ತು ಆಡುಮಾತಿನ ಪದಸಂಪತ್ತೂ ಅಳಿಯುತ್ತವೆ. ಆದುದರಿಂದ ಈ ಎರಡು ತಾಲ್ಲೂಕುಗಳಲ್ಲಿ ಉಳಿದಿರುವ ಪರಿಕರಗಳನ್ನು ಒಡೆಯರ ಮನೆಗಳಲ್ಲಿಯೇ ದಾಖಲಿಸುವ ಕಾರ್ಯ ತುರ್ತಾಗಿ ಆಗಬೇಕಾಗಿದೆ.