ಗೆಳೆಯನೇ ಮಧ್ಯಸ್ಥನಾದಾಗ: 'ಸಂಗ್ಯಾ ಬಾಳ್ಯಾ' ಸಣ್ಣಾಟ ಮತ್ತು ಹಾದರದ ಥ್ರಿಲ್ಲರ್

ಹಾದರ ಮತ್ತು ಗೀಳನ್ನು ವಸ್ತುವಾಗಿಸಿಕೊಂಡ ಮನೋವೈಜ್ಞಾನಿಕ ಥ್ರಿಲ್ಲರ್ ಹೊರಗಿನಿಂದ ಬಂದ ಸಿನಿಮಾ ಪ್ರಕಾರವೆಂಬ ಎಣಿಕೆ ಸಾಮಾನ್ಯವಾಗಿದೆ. ಕ್ಲೋದ್ ಶಾಬ್ರೋಲ್ 1969ರಲ್ಲಿ ಮಾಡಿದ 'ಲಾ ಫಾಮ್ ಆಂಫಿದೆಲ್', ಏಡ್ರಿಯನ್ ಲೈನ್ 1987ರಲ್ಲಿ ಮಾಡಿದ 'ಫೇಟಲ್ ಅಟ್ರ್ಯಾಕ್ಷನ್' ಇದರ ಮಾದರಿಗಳೆನಿಸಿವೆ. ಕನ್ನಡದ ಮಟ್ಟಿಗೆ ಪುಟ್ಟಣ್ಣ ಕಣಗಾಲರ 'ಎಡಕಲ್ಲು ಗುಡ್ಡದ ಮೇಲೆ' (1973) ಚಿತ್ರದಿಂದ ಮಾತು ಶುರುವಾಗುತ್ತದೆ. ಆದರೆ ಧಾರವಾಡ, ಬೆಳಗಾವಿ ಸೀಮೆಯ ಹಳ್ಳಿಗಳು ಈ ಚಿತ್ರಗಳಿಗಿಂತ ಎಷ್ಟೋ ಮೊದಲೇ ಅದೇ ವಸ್ತುವನ್ನು ರಾತ್ರಿಯಿಡೀ ಕುಳಿತು ನೋಡಿವೆ. 'ಸಂಗ್ಯಾ ಬಾಳ್ಯಾ' ಸಣ್ಣಾಟವನ್ನು ಹಾದರದ ದುಷ್ಫಲ ಸಾರುವ ನೀತಿಕಥೆಯಾಗಿಯೋ, ಜಾನಪದದ ಒಂದು ಮಾದರಿಯಾಗಿಯೋ ಓದುವುದು ರೂಢಿ. ಅದನ್ನು ಥ್ರಿಲ್ಲರ್ ಆಗಿ ಓದಿದರೆ ಒಂದು ಮುಖ್ಯ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಸಿನಿಮಾ ಗೀಳನ್ನು ಒಬ್ಬ ವ್ಯಕ್ತಿಯ ಮನಸ್ಸಿನೊಳಗೆ ಹುಡುಕುತ್ತದೆ. ಸಣ್ಣಾಟ ಅದನ್ನು ಇಬ್ಬರು ಗೆಳೆಯರ ನಡುವಿನ ಕೊಡುಕೊಳೆಯಲ್ಲಿ ಹುಡುಕುತ್ತದೆ. ಈ ಆಟದ ಭಯದ ಮೂಲ ಹಾದರಕ್ಕಿಂತ ಹೆಚ್ಚಾಗಿ ಮಧ್ಯಸ್ಥಿಕೆಯಲ್ಲಿದೆ ಎಂಬುದು ಈ ಲೇಖನದ ವಾದ.

ಬೈಲಹೊಂಗಲದಲ್ಲಿ ನಡೆದ ನಿಜ ಘಟನೆಯೊಂದನ್ನು ಆಧರಿಸಿ ಬೈಲವಾಡದ ಪತ್ತಾರ ಮಾಸ್ತರರು ಈ ಆಟ ಕಟ್ಟಿದರೆಂಬುದು ಪ್ರಸಿದ್ಧ. ಅದನ್ನು ಸಂಪಾದಿಸಿ ಓದುಗರಿಗೂ ನಗರದ ರಂಗಭೂಮಿಗೂ ಒದಗಿಸಿದವರು ಚಂದ್ರಶೇಖರ ಕಂಬಾರರು. ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನು ಕುರಿತ ಅವರ ಸಂಶೋಧನೆಗೆ ಡಾಕ್ಟರೇಟ್ ಕೊಟ್ಟದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ದೊಡ್ಡಾಟ ಪುರಾಣದ ವೀರರನ್ನು ಕಿರೀಟ, ಭುಜಕೀರ್ತಿಗಳೊಂದಿಗೆ ಅಟ್ಟದ ಮೇಲೆ ಕುಣಿಸಿದರೆ, ಸಣ್ಣಾಟ ನಿತ್ಯದ ಉಡುಪಿನ ಮನುಷ್ಯರನ್ನು ಆಡುಮಾತಿನಲ್ಲೇ ಮಾತಾಡಿಸುತ್ತದೆ. ನವಲಗುಂದ, ಅಣ್ಣಿಗೇರಿಯ ಎರೆ ಹೊಲಗಳಲ್ಲಿ ಹಿಂಗಾರಿ ಜೋಳ, ಕಡಲೆ ಕೊಯ್ಲಾಗಿ ಮನೆ ಸೇರಿದ ಮೇಲೆ ಬರುವ ಬಿಡುವು ಜಾತ್ರೆಯ ಕಾಲ, ಆಟದ ಕಾಲವೂ ಹೌದು. ಅಲ್ಲಿ ಕುಳಿತು ನೋಡುವವನಿಗೆ ರಂಗದ ಮೇಲಿನವರು ದೂರದವರಲ್ಲ. ಸಾಲ ಕೊಟ್ಟವನು, ವ್ಯಾಪಾರಕ್ಕೆ ಊರು ಬಿಟ್ಟವನು, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವವಳು, ಎಲ್ಲರೂ ಅವನ ಓಣಿಯಲ್ಲೇ ಇರುವವರು.

ಕಥೆಯ ಹಂದರ ಸರಳ. ಹಣವುಳ್ಳ ಸಂಗ್ಯಾ, ಈರ್ಯಾನ ಹೆಂಡತಿ ಗಂಗಿಯನ್ನು ಕಂಡು ಮರುಳಾಗುತ್ತಾನೆ. ಜೀವದ ಗೆಳೆಯ ಬಾಳ್ಯಾನೆದುರು ಒಡಲ ತಾಪ ತೋಡಿಕೊಳ್ಳುತ್ತಾನೆ. ಮುದುಕಿ ಪಾರಮ್ಮ ದೂತಿಯಾಗಿ ಹೋಗುತ್ತಾಳೆ. ಗಂಗಿ ಮೊದಲು ನಿರಾಕರಿಸಿ, ಗಂಡ ವ್ಯಾಪಾರಕ್ಕೆಂದು ಊರು ಬಿಟ್ಟ ಹೊತ್ತಿನಲ್ಲಿ ಒಲಿಯುತ್ತಾಳೆ. ಸುದ್ದಿ ಈರ್ಯಾನಿಗೆ ತಲುಪುತ್ತದೆ. ಕೊನೆಗೆ ಬಾಳ್ಯಾ ಆಮಿಷಕ್ಕೆ ಬಿದ್ದು ಗೆಳೆಯನನ್ನು ಕೊಲೆಗಾರರ ಕೈಗೆ ಒಪ್ಪಿಸುತ್ತಾನೆ. ಇಲ್ಲಿ ಗಮನಿಸಬೇಕಾದದ್ದು ಒಂದೇ: ಯಾವ ನಿರ್ಣಾಯಕ ಕ್ರಿಯೆಯೂ ನೇರವಾಗಿ ನಡೆಯುವುದಿಲ್ಲ. ಬಯಕೆಯೂ ಸೇಡೂ ಮೂರನೆಯವರ ಮೂಲಕವೇ ಗುರಿ ಮುಟ್ಟುತ್ತವೆ. ಆಟದ ಹೆಸರೂ ಇದಕ್ಕೆ ಸಾಕ್ಷಿ. ಹಾದರದ ಕಥೆಯ ಹೆಸರಿನಲ್ಲಿ ಗಂಡನೂ ಇಲ್ಲ, ಹೆಂಡತಿಯೂ ಇಲ್ಲ. ಇರುವವರು ಇಬ್ಬರು ಗೆಳೆಯರು. ಜನ ನೆನಪಿಟ್ಟುಕೊಂಡ ಜೋಡಿ ಸಂಗ್ಯಾ–ಗಂಗಿಯದಲ್ಲ, ಸಂಗ್ಯಾ–ಬಾಳ್ಯಾನದು. ಈರ್ಯಾನ ಸಿಟ್ಟು ಯಾರಿಗೂ ಆಶ್ಚರ್ಯ ತರುವಂಥದ್ದಲ್ಲ. ಗುಟ್ಟನ್ನು ಕಾಯಬೇಕಾದ ಗೆಳೆತನವೇ ಗುಟ್ಟನ್ನು ಬೆಲೆಗೆ ಇಡುವುದು ಮಾತ್ರ ಮೈ ನಡುಗಿಸುತ್ತದೆ.

ಈ ಮಾತನ್ನು ಪ್ರಸಿದ್ಧ ಮೊಕದ್ದಮೆಯೊಂದರ ಜೊತೆಗಿಟ್ಟು ನೋಡಬಹುದು. 1959ರ ಏಪ್ರಿಲ್ 27ರಂದು ಮುಂಬಯಿಯಲ್ಲಿ ನೌಕಾಪಡೆಯ ಅಧಿಕಾರಿ ಕೆ. ಎಂ. ನಾನಾವತಿ, ಹೆಂಡತಿಯ ಪ್ರಿಯಕರ ಪ್ರೇಮ್ ಅಹುಜಾನನ್ನು ಗುಂಡಿಕ್ಕಿ ಕೊಂದರು. ತೀವ್ರವೂ ಹಠಾತ್ತೂ ಆದ ಪ್ರಚೋದನೆ ಇತ್ತೆಂಬ ವಾದವನ್ನು ಸುಪ್ರೀಂ ಕೋರ್ಟ್ 1961ರಲ್ಲಿ ತಳ್ಳಿಹಾಕಿತು. ಮನೆಯಿಂದ ಹೊರಟ ಹೊತ್ತಿಗೂ ಗುಂಡು ಹಾರಿದ ಹೊತ್ತಿಗೂ ನಡುವೆ ಸುಮಾರು 3 ತಾಸು ಕಳೆದಿತ್ತು; ಅಷ್ಟರಲ್ಲಿ ಅವರು ಹಡಗಿಗೆ ಹೋಗಿ ರಿವಾಲ್ವರ್ ಪಡೆದಿದ್ದರು; ಮನಸ್ಸು ಹತೋಟಿಗೆ ಬರಲು ಆ ಅವಧಿ ಸಾಕು ಎಂಬುದು ನ್ಯಾಯಾಲಯದ ತರ್ಕ. ಹಾದರದ ಥ್ರಿಲ್ಲರ್ ಬೀಡುಬಿಡುವುದು ಕಾನೂನು ಬೆರಳಿಟ್ಟು ತೋರಿಸಿದ ಈ ನಡುವಿನ ಅವಧಿಯಲ್ಲೇ. ತಿಳಿದದ್ದಕ್ಕೂ ಕೈ ಎತ್ತಿದ್ದಕ್ಕೂ ನಡುವೆ ಮನಸ್ಸು ಏನು ಮಾಡುತ್ತಿತ್ತು ಎಂಬುದು ಅದರ ಪ್ರಶ್ನೆ. ನಾನಾವತಿಯ ಅವಧಿಯಲ್ಲಿದ್ದುದು ಒಬ್ಬಂಟಿ ಮನಸ್ಸು. ಸಣ್ಣಾಟದಲ್ಲಿ ಆ ಅವಧಿಯನ್ನು ತುಂಬುವುದು ಬಾಳ್ಯಾನೊಡನೆ ನಡೆಯುವ ಚೌಕಾಶಿ. ಹಾಗಾಗಿ ಅಲ್ಲಿ ಕೊಲೆ ಒಬ್ಬನ ಆವೇಶವಾಗಿ ಉಳಿಯದೆ ಹಲವರು ಒಪ್ಪಿಕೊಂಡ ವ್ಯವಹಾರವಾಗುತ್ತದೆ.

ಮುಗಿವು ಮೊದಲೇ ಗೊತ್ತಿರುವ ಆಟವನ್ನು ಥ್ರಿಲ್ಲರ್ ಎನ್ನಬಹುದೇ ಎಂಬುದು ಮೊದಲ ಆಕ್ಷೇಪ. ಸಂಗ್ಯಾ ಸಾಯುತ್ತಾನೆಂದು ಊರಿನ ಮಕ್ಕಳಿಗೂ ಗೊತ್ತು. ಆದರೆ ಅಚ್ಚರಿ ಬೇರೆ, ಆತಂಕ ಬೇರೆ. ತ್ರುಫೋ ಜೊತೆಗಿನ ಪ್ರಸಿದ್ಧ ಸಂದರ್ಶನದಲ್ಲಿ ಹಿಚ್‌ಕಾಕ್ ಇದನ್ನು ಮೇಜಿನ ಕೆಳಗಿನ ಬಾಂಬಿನ ಉದಾಹರಣೆಯಿಂದ ವಿವರಿಸುತ್ತಾನೆ: ಬಾಂಬು ಇರುವುದು ಪ್ರೇಕ್ಷಕರಿಗೆ ಗೊತ್ತಿದ್ದು ಕುಳಿತವರಿಗೆ ಗೊತ್ತಿಲ್ಲದಿದ್ದರೆ ಅವರ ಪೋಲು ಹರಟೆಯೂ ಉಸಿರು ಬಿಗಿಹಿಡಿಸುತ್ತದೆ. ಹಳ್ಳಿಯ ಪ್ರೇಕ್ಷಕ ಮೊದಲ ಪದದಿಂದಲೇ ಆ ಸ್ಥಿತಿಯಲ್ಲಿರುತ್ತಾನೆ. ಬಾಳ್ಯಾ ಗೆಳೆತನದ ಆಣೆ ಇಟ್ಟಾಗ, ಪಾರಮ್ಮ ನಗೆಚಾಟಿಕೆ ಮಾಡುತ್ತ ಗಂಗಿಯ ಬಾಗಿಲಿಗೆ ಬಂದಾಗ, ಇದು ಎಲ್ಲಿಗೆ ಮುಟ್ಟುತ್ತದೆಂದು ಅವನಿಗೆ ಗೊತ್ತು. ಮುಂದೇನಾಗುತ್ತದೆ ಎಂಬ ಪ್ರಶ್ನೆ ಅವನದಲ್ಲ. ಯಾವ ಹೆಜ್ಜೆಯಲ್ಲಿ ಯಾರು ಇದನ್ನು ತಡೆಯಬಹುದಿತ್ತು ಎಂಬುದು ಅವನ ಪ್ರಶ್ನೆ. ತಡೆಯಬಹುದಾಗಿದ್ದವರು ಮಧ್ಯಸ್ಥರೇ ಆದ್ದರಿಂದ ನೋಡುವವನ ಆತಂಕವೂ ಅವರ ಸುತ್ತಲೇ ತಿರುಗುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಮನೋವಿಜ್ಞಾನ ಆಧುನಿಕ ಕಲ್ಪನೆ, ಸಣ್ಣಾಟದ ಪಾತ್ರಗಳು ಬರಿಯ ಮಾದರಿಗಳು, ಅವಕ್ಕೆ ಒಳಮನಸ್ಸು ಆರೋಪಿಸುವುದು ಕಾಲವ್ಯತ್ಯಯ ಎಂದು ವಾದಿಸಬಹುದು. ಒಳಮನಸ್ಸನ್ನು ಸ್ವಗತದಲ್ಲೋ ಕ್ಲೋಸಪ್ಪಿನಲ್ಲೋ ಮಾತ್ರ ತೋರಿಸಲು ಸಾಧ್ಯವೆಂದು ನಂಬಿದರೆ ಈ ವಾದ ಸರಿ. ಸಣ್ಣಾಟಕ್ಕೆ ಬೇರೆ ಉಪಾಯವಿದೆ. ಪಾತ್ರಧಾರಿ ಹಾಡಿದ ಸಾಲನ್ನು ಹಿಮ್ಮೇಳ ಎತ್ತಿಕೊಂಡು ಮತ್ತೆ ಮತ್ತೆ ಹಾಡುತ್ತದೆ. ಬಿಡಿಸಿಕೊಳ್ಳಲಾಗದ ಒಂದೇ ಯೋಚನೆ ತಲೆಯಲ್ಲಿ ಸುತ್ತುವುದು ಗೀಳಿನ ಲಕ್ಷಣವಾದರೆ, ಆ ಸುತ್ತುವಿಕೆ ಇಲ್ಲಿ ಕಿವಿಗೆ ಕೇಳುವಂತೆ ಹೊರಗೆ ಬಂದಿದೆ. ಅಷ್ಟೇ ಅಲ್ಲ, ಸಂಗ್ಯಾನ ಬಯಕೆಗೆ ಹಿಮ್ಮೇಳವೂ ದನಿಗೂಡಿಸಿದಾಗ ಅದು ಅವನೊಬ್ಬನ ಸೊತ್ತಾಗಿ ಉಳಿಯುವುದಿಲ್ಲ. ಇಂಥ ಹಂಚಿಕೆ ಈ ಸೀಮೆಗೆ ಹೊಸದೂ ಅಲ್ಲ. ನವಲಗುಂದದಲ್ಲಿ ಹೋಳಿಯ ಹೊತ್ತಿಗೆ ರಾಮಲಿಂಗ ಕಾಮಣ್ಣನಿಗೆ ಜನ ಹರಕೆ ಹೊರುತ್ತಾರೆ. ಭಾದ್ರಪದದಲ್ಲಿ ಬುಟ್ಟಿಯಲ್ಲಿ ಕೂತು ಮನೆಮನೆಗೆ ಬರುವ ಜೋಕುಮಾರ ಏಳು ದಿನ ಬದುಕಿ, ಹೆಣ್ಣಿನ ಆಸೆಗಾಗಿಯೇ ಹತನಾಗುತ್ತಾನೆ. ಹೆಂಗಸರು ಅವನ ತುಂಟತನವನ್ನೂ ಸಾವನ್ನೂ ಒಟ್ಟಿಗೆ ಹಾಡುತ್ತಾರೆ. ಕಾಮ ಪೂಜ್ಯವೂ ಹೌದು, ವಧ್ಯವೂ ಹೌದು ಎಂಬ ಇಬ್ಬಗೆಯನ್ನು ಆಚರಣೆಯಲ್ಲೇ ಅರಗಿಸಿಕೊಂಡ ಪ್ರೇಕ್ಷಕರಿಗೆ ಸಂಗ್ಯಾ ಖಳನಾಗಿಯಷ್ಟೇ ಕಾಣಲಾರ. ಅವರು ಅವನ ಬಯಕೆಯಲ್ಲಿ ಪಾಲು ಪಡೆದು ಅವನ ಸಾವನ್ನೂ ನೋಡುತ್ತಾರೆ.

ಹಾಗಾದರೆ ಗಂಗಿಯ ಗತಿಯೇನು? ಗಂಡಸರ ಗೆಳೆತನದ ಕಥೆಯೆಂದು ಓದಿದಷ್ಟೂ ಹೆಣ್ಣು ಅವರ ನಡುವಿನ ವಸ್ತುವಾಗಿ ಕುಗ್ಗುತ್ತಾಳೆ ಎಂಬ ಮೂರನೆಯ ಆಕ್ಷೇಪದಲ್ಲಿ ಸತ್ಯವಿದೆ. ಆ ಲೋಪ ಆಟಕ್ಕಷ್ಟೇ ಸೇರಿದ್ದಲ್ಲ. 1860ರ ಭಾರತೀಯ ದಂಡ ಸಂಹಿತೆಯ 497ನೇ ಕಲಮು ಪರರ ಹೆಂಡತಿಯನ್ನು ಆ ಗಂಡನ ಒಪ್ಪಿಗೆಯಿಲ್ಲದೆ ಕೂಡಿದ ಗಂಡಸನ್ನು ಮಾತ್ರ ಶಿಕ್ಷಿಸುತ್ತಿತ್ತು. ಹೆಣ್ಣನ್ನು ಅಪರಾಧದ ಪಾಲುದಾರಳೆಂದೂ ಎಣಿಸುತ್ತಿರಲಿಲ್ಲ. 2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಹೆಣ್ಣಿಗೆ ಸ್ವಂತ ಇಚ್ಛೆಯಿದೆಯೆಂದು ಒಪ್ಪದ ಆ ಕಾನೂನಿಗಿಂತ ಸಣ್ಣಾಟ ಒಂದು ಹೆಜ್ಜೆ ಮುಂದಿದೆ. ಗಂಗಿ ಮೊದಲು ಬೇಡವೆನ್ನುತ್ತಾಳೆ, ಆಮೇಲೆ ಬೇಕೆನ್ನುತ್ತಾಳೆ; ಎರಡೂ ರಂಗದ ಮೇಲೆ ಎಲ್ಲರೆದುರು ಆಡಿದ ಮಾತುಗಳು. ಆದರೂ ಅವಳ ಮನಸ್ಸು ತಿರುಗಿದ್ದು ಹೇಗೆಂಬುದನ್ನು ಆಟ ಪಾರಮ್ಮನ ಚಾತುರ್ಯಕ್ಕೆ ಬಿಟ್ಟುಕೊಟ್ಟು ಮುಂದೆ ಸಾಗುತ್ತದೆ. ಕಂಬಾರರು 'ಜೋಕುಮಾರಸ್ವಾಮಿ' (1972) ನಾಟಕದಲ್ಲಿ ಗೌಡತಿಯ ಬಯಕೆಯನ್ನೇ ನಡುವಿಗೆ ತಂದದ್ದನ್ನು ಈ ಕೊರತೆಗೆ ಕೊಟ್ಟ ಉತ್ತರವೆಂದು ಓದಬಹುದು.

ಇದೆಲ್ಲವನ್ನು ಮುಂದಿಟ್ಟುಕೊಂಡು ಸಿನಿಮಾಕ್ಕೆ ಮರಳಿದರೆ ಹೋಲಿಕೆ ಸ್ಪಷ್ಟವಾಗುತ್ತದೆ. 'ಫೇಟಲ್ ಅಟ್ರ್ಯಾಕ್ಷನ್' ಚಿತ್ರದ ಮೊದಲ ಮುಗಿವಿನಲ್ಲಿ ಪ್ರೇಯಸಿ ಆತ್ಮಹತ್ಯೆ ಮಾಡಿಕೊಳ್ಳುತ್ತಿದ್ದಳು. ಪ್ರಾಯೋಗಿಕ ಪ್ರದರ್ಶನದ ಪ್ರೇಕ್ಷಕರು ಅದನ್ನು ಮೆಚ್ಚದ ಕಾರಣ, ಹೆಂಡತಿಯೇ ಅವಳನ್ನು ಕೊಲ್ಲುವಂತೆ ಮರುಚಿತ್ರೀಕರಿಸಲಾಯಿತು. ಗೀಳೆಂಬುದು ಹೊರಗಿನಿಂದ ನುಗ್ಗಿದ ಒಬ್ಬ ವ್ಯಕ್ತಿ, ಅವಳು ಸತ್ತರೆ ಮನೆ ಶುದ್ಧ ಎಂಬ ನೆಮ್ಮದಿಯನ್ನು ಆ ಮುಗಿವು ಮಾರುತ್ತದೆ. ಭಾರತೀಸುತರ ಕಾದಂಬರಿಯನ್ನು ಆಧರಿಸಿದ 'ಎಡಕಲ್ಲು ಗುಡ್ಡದ ಮೇಲೆ' ಇದಕ್ಕಿಂತ ಪ್ರಾಮಾಣಿಕವಾಗಿದೆ. ಆದರೆ ಅದೂ ಜಯಂತಿ ಅಭಿನಯಿಸಿದ ಮಾಧವಿಯನ್ನು ಊರಿನಿಂದ ದೂರದ ಗುಡ್ಡದಲ್ಲಿಟ್ಟು, ಅವಳ ತಳಮಳಕ್ಕೆ ಅವಳನ್ನೇ ಕಾರಣವಾಗಿಸುತ್ತದೆ. ಶಂಕರ್ ನಾಗ್ ತೀರಿಕೊಂಡ ಮೇಲೆ 1992ರಲ್ಲಿ ತೆರೆಕಂಡ, ಅವರು ನಟಿಸಿದ್ದ, ಸುಂದರಕೃಷ್ಣ ಅರಸ್ ನಿರ್ದೇಶನದ 'ಸಂಗ್ಯಾ ಬಾಳ್ಯಾ' ಸಣ್ಣಾಟದ ಕಥೆಯನ್ನು ತೆರೆಗೆ ತಂದಿತು. ಹಿಮ್ಮೇಳದ ಪಾಲುದಾರಿಕೆಯನ್ನು ತರುವುದು ಯಾವ ಕ್ಯಾಮೆರಾಕ್ಕೂ ಕಷ್ಟ. ಅದು ಪ್ರೇಕ್ಷಕನನ್ನು ಕತ್ತಲೆಯಲ್ಲಿ ಒಬ್ಬಂಟಿಯಾಗಿ ಕೂರಿಸಿ ನೋಡುಗನನ್ನಾಗಿ ಮಾಡುತ್ತದೆ, ಸಾಕ್ಷಿಯನ್ನಾಗಿ ಮಾಡುವುದಿಲ್ಲ.

ಕನ್ನಡ ಥ್ರಿಲ್ಲರಿನ ಚರಿತ್ರೆ ಸಣ್ಣಾಟದಿಂದ ಶುರುವಾಗಬೇಕೆಂಬುದು ಹಿರಿತನದ ಹಕ್ಕು ಸಾಧಿಸುವ ಮಾತಲ್ಲ. ಆ ಆಟ ಎತ್ತಿದ ಪ್ರಶ್ನೆ ಈ ಪ್ರಕಾರದ ಬಹುಪಾಲು ಚಿತ್ರಗಳು ತಪ್ಪಿಸಿಕೊಂಡ ಪ್ರಶ್ನೆ. ಹಾದರದ ಕಥೆಯಲ್ಲಿ ತಪ್ಪು ಯಾರದೆಂದು ಕೇಳಿದರೆ ಉತ್ತರ ಇಬ್ಬರ ಹೆಸರಿಗೆ ನಿಂತುಬಿಡುತ್ತದೆ. ಯಾರ ಕೈಯಿಂದ ಯಾರ ಕೈಗೆ ದಾಟಿ ಅದು ಕೊಲೆಯವರೆಗೆ ಬಂತೆಂದು ಕೇಳಿದರೆ ಇಡೀ ಊರು ಉತ್ತರ ಕೊಡಬೇಕಾಗುತ್ತದೆ. ಈ ವಸ್ತುವನ್ನು ಮುಂದೆ ತೆರೆಗೆ ತರುವವರ ಕೃತಿಯನ್ನು ಗಂಗಿಯ ಚೆಲುವಿನಿಂದಲೋ ಈರ್ಯಾನ ಕೊಡಲಿಯಿಂದಲೋ ಅಳೆಯುವ ಬದಲು, ಬಾಳ್ಯಾನಿಗೆ ಅವರು ಕೊಟ್ಟ ಜಾಗದಿಂದ ಅಳೆಯಬೇಕು.