ಸತ್ಯಂ ಷೇರು ಕುಸಿತ ಮತ್ತು ಸಣ್ಣ ಹೂಡಿಕೆದಾರರು

ಸತ್ಯಂ ಷೇರು ಕುಸಿತವು ಹೈದರಾಬಾದ್ ಮೂಲದ ಸಾಫ್ಟ್‌ವೇರ್ ಕಂಪನಿ ಸತ್ಯಂ ಕಂಪ್ಯೂಟರ್ ಸರ್ವೀಸಸ್‌ನ ಷೇರು ಬೆಲೆಯು 2009ರ ಜನವರಿ 7ರಂದು ಒಂದೇ ದಿನದಲ್ಲಿ ಸುಮಾರು ಶೇ. 78ರಷ್ಟು ಇಳಿದ ಘಟನೆಯಾಗಿದೆ. ಲೆಕ್ಕಪತ್ರಗಳನ್ನು ಹಲವು ವರ್ಷಗಳಿಂದ ತಿರುಚಲಾಗಿತ್ತು ಎಂದು ಕಂಪನಿಯ ಅಧ್ಯಕ್ಷ ಬಿ. ರಾಮಲಿಂಗ ರಾಜು ಪತ್ರದ ಮೂಲಕ ಒಪ್ಪಿಕೊಂಡಿದ್ದು ಇದಕ್ಕೆ ಕಾರಣ. ಭಾರತದಲ್ಲಿ ಸಣ್ಣ ಹೂಡಿಕೆದಾರರಿಗಿರುವ ಕಾನೂನು ರಕ್ಷಣೆಯ ಚರ್ಚೆಯಲ್ಲಿ ಈ ಘಟನೆ ಮುಖ್ಯ ಸ್ಥಾನ ಪಡೆದಿದೆ.

ಹಿನ್ನೆಲೆ

1987ರಲ್ಲಿ ಸ್ಥಾಪನೆಯಾದ ಸತ್ಯಂ, ದೇಶದ ಪ್ರಮುಖ ಸಾಫ್ಟ್‌ವೇರ್ ರಫ್ತು ಕಂಪನಿಗಳಲ್ಲಿ ಒಂದಾಗಿತ್ತು. 2008ರಲ್ಲಿ ಅದರ ಷೇರು ಗರಿಷ್ಠ 544 ರೂಪಾಯಿ ತಲುಪಿತ್ತು. ಅದೇ ವರ್ಷದ ಡಿಸೆಂಬರ್ 16ರಂದು, ರಾಜು ಕುಟುಂಬದ ಹಿತಾಸಕ್ತಿಯಿದ್ದ ಎರಡು ಮೈತಾಸ್ ಕಂಪನಿಗಳನ್ನು ಸುಮಾರು 160 ಕೋಟಿ ಡಾಲರ್‌ಗೆ ಖರೀದಿಸುವುದಾಗಿ ಸತ್ಯಂ ಪ್ರಕಟಿಸಿತು. ಹೂಡಿಕೆದಾರರ ತೀವ್ರ ವಿರೋಧದಿಂದಾಗಿ ಕೆಲವೇ ಗಂಟೆಗಳಲ್ಲಿ ಈ ಪ್ರಸ್ತಾಪವನ್ನು ಹಿಂಪಡೆಯಲಾಯಿತು. ಆದರೂ ಮರುದಿನ ಷೇರು ಸುಮಾರು ಶೇ. 30ರಷ್ಟು ಇಳಿಯಿತು.

ಕುಸಿತ

ಜನವರಿ 7ರ ಪತ್ರದ ಪ್ರಕಾರ, ಕಂಪನಿಯ ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಠೇವಣಿಯಲ್ಲಿ 5,040 ಕೋಟಿ ರೂಪಾಯಿ ಅಸ್ತಿತ್ವದಲ್ಲೇ ಇರಲಿಲ್ಲ. ಹಿಂದಿನ ದಿನ 179 ರೂಪಾಯಿ ಇದ್ದ ಷೇರು 40 ರೂಪಾಯಿಯ ಆಸುಪಾಸಿಗೆ ಇಳಿಯಿತು. ವಾಯಿದಾ ವಹಿವಾಟಿನಲ್ಲಿರುವ ಷೇರುಗಳಿಗೆ ದಿನದ ನಿಗದಿತ ಬೆಲೆಮಿತಿ ಅನ್ವಯಿಸದಿರುವುದರಿಂದ ಈ ಪ್ರಮಾಣದ ಇಳಿಕೆ ಒಂದೇ ದಿನದಲ್ಲಿ ಸಾಧ್ಯವಾಯಿತು. ಮರುದಿನ ಮೊಹರಂ ರಜೆಯಿದ್ದು, ಜನವರಿ 9ರಂದು ಮಾರುಕಟ್ಟೆ ತೆರೆದಾಗ ಇಳಿಕೆ ಮುಂದುವರಿಯಿತು.

ಹೂಡಿಕೆದಾರರ ಮುಂದಿದ್ದ ಆಯ್ಕೆಗಳು

ಸಾಮಾನ್ಯವಾಗಿ ಬೆಲೆ ಕುಸಿದಾಗ ಹೂಡಿಕೆದಾರರು ಮೂರು ರೀತಿಯಲ್ಲಿ ಪ್ರತಿಕ್ರಿಯಿಸುತ್ತಾರೆ: ಗಾಬರಿಯಿಂದ ಮಾರುವುದು, ಕೊಂಡ ಬೆಲೆ ಮರಳಲೆಂದು ಕಾಯುವುದು ಅಥವಾ ಇನ್ನಷ್ಟು ಕೊಂಡು ಸರಾಸರಿ ಬೆಲೆ ತಗ್ಗಿಸುವುದು. ನಷ್ಟದಲ್ಲಿರುವ ಷೇರನ್ನು ಮಾರಲು ಹಿಂಜರಿಯುವ ಪ್ರವೃತ್ತಿಯನ್ನು ಹರ್ಷ್ ಶೆಫ್ರಿನ್ ಮತ್ತು ಮೈರ್ ಸ್ಟಾಟ್‌ಮನ್ 1985ರಲ್ಲಿ ವಿವರಿಸಿದ್ದಾರೆ.

ಸತ್ಯಂ ಪ್ರಕರಣದಲ್ಲಿ ಈ ಮೂರಕ್ಕೂ ದೃಢವಾದ ಆಧಾರವಿರಲಿಲ್ಲ. 40 ರೂಪಾಯಿ ಅಗ್ಗವೆಂದು ಕೊಂಡವರು ಬೆಲೆ 11.50 ರೂಪಾಯಿಗೆ ಇಳಿದುದನ್ನು ಕಂಡರು. ಆ ಮಟ್ಟದಲ್ಲಿ ಮಾರಿದವರು ಅದೇ ವರ್ಷದ ಏಪ್ರಿಲ್‌ನಲ್ಲಿ ಟೆಕ್ ಮಹೀಂದ್ರಾ 58 ರೂಪಾಯಿ ದರದಲ್ಲಿ ಕಂಪನಿಯ ಪಾಲು ಪಡೆದುದನ್ನು ಕಂಡರು. ಷೇರಿನ ಮೌಲ್ಯವನ್ನು ಅಳೆಯಲು ಬೇಕಾದ ಲೆಕ್ಕಪತ್ರಗಳೇ ಸುಳ್ಳಾಗಿದ್ದವು. ಪರಿಷ್ಕೃತ ಲೆಕ್ಕಗಳು ಪ್ರಕಟವಾದದ್ದು 2010ರ ಸೆಪ್ಟೆಂಬರ್‌ನಲ್ಲಿ.

ಪರಿಹಾರ ಮತ್ತು ಕಾನೂನು ಕ್ರಮ

ಕೇಂದ್ರ ಸರ್ಕಾರವು ಹಳೆಯ ಆಡಳಿತ ಮಂಡಳಿಯನ್ನು ತೆಗೆದು, ಕಿರಣ್ ಕಾರ್ಣಿಕ್, ದೀಪಕ್ ಪಾರೇಖ್ ಮತ್ತು ಸಿ. ಅಚ್ಯುತನ್ ಅವರನ್ನು ನೇಮಿಸಿತು. ಇದರಿಂದ ಕಂಪನಿ ಉಳಿಯಿತು. ನಷ್ಟ ಪರಿಹಾರದ ವಿಷಯದಲ್ಲಿ ಮಾತ್ರ ಎರಡು ದೇಶಗಳ ಹೂಡಿಕೆದಾರರ ಸ್ಥಿತಿ ಭಿನ್ನವಾಗಿತ್ತು. ಅಮೆರಿಕದಲ್ಲಿ ಹೂಡಲಾದ ಸಾಮೂಹಿಕ ದಾವೆಯನ್ನು ಸತ್ಯಂ 2011ರಲ್ಲಿ 12.5 ಕೋಟಿ ಡಾಲರ್ ನೀಡಿ ಇತ್ಯರ್ಥಪಡಿಸಿಕೊಂಡಿತು. ಭಾರತದಲ್ಲಿ ಹೂಡಿಕೆದಾರರ ಸಂಘವೊಂದು ರಾಷ್ಟ್ರೀಯ ಗ್ರಾಹಕ ಆಯೋಗದಲ್ಲಿ ಪರಿಹಾರ ಕೋರಿತಾದರೂ ಅರ್ಜಿ ಪುರಸ್ಕೃತವಾಗಲಿಲ್ಲ. ಸುಪ್ರೀಂ ಕೋರ್ಟ್‌ನಲ್ಲಿಯೂ ಫಲ ಸಿಗಲಿಲ್ಲ.

2015ರ ಏಪ್ರಿಲ್ 9ರಂದು ಹೈದರಾಬಾದಿನ ವಿಶೇಷ ನ್ಯಾಯಾಲಯವು ರಾಜು ಸೇರಿದಂತೆ 10 ಮಂದಿಗೆ ಏಳು ವರ್ಷಗಳ ಜೈಲು ಶಿಕ್ಷೆ ವಿಧಿಸಿತು. ಮೇಲ್ಮನವಿಯ ಹಂತದಲ್ಲಿ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ನೀಡಲಾಯಿತು.

ಪರಿಣಾಮ

2013ರ ಕಂಪನಿ ಕಾಯಿದೆಯ 245ನೇ ಕಲಮು ಷೇರುದಾರರು ಒಗ್ಗೂಡಿ ಕಂಪನಿ, ನಿರ್ದೇಶಕರು ಮತ್ತು ಲೆಕ್ಕಪರಿಶೋಧಕರ ವಿರುದ್ಧ ಸಾಮೂಹಿಕ ದಾವೆ ಹೂಡಲು ಅವಕಾಶ ನೀಡಿತು. ಇದು 2016ರಲ್ಲಿ ಜಾರಿಗೆ ಬಂದಿತು. ಸತ್ಯಂ 2013ರಲ್ಲಿ ಟೆಕ್ ಮಹೀಂದ್ರಾದಲ್ಲಿ ವಿಲೀನವಾಯಿತು. ಷೇರು ಉಳಿಸಿಕೊಂಡಿದ್ದವರಿಗೆ ಪ್ರತಿ 17 ಷೇರುಗಳಿಗೆ ಟೆಕ್ ಮಹೀಂದ್ರಾದ 2 ಷೇರುಗಳು ದೊರೆತವು.